ಟಿವಿ ಕೊಡಬೇಡಿ, ಸಿನಿಮಾ ತೋರಿಸಿ

ಮೊದಲು ನಮ್ಮ ದಡ್ಡತನದ ಕತೆ ಹೇಳಿಬಿಡುತ್ತೇನೆ.

ಐದು ವರ್ಷದ ಹಿಂದೆ ನಾವು ಆರು ಜನ ಹೆಂಗಸರು ದುಡ್ಡು ಕೂಡಿಸಿ ಶಿರಸಿ ಹತ್ತಿರದ ಒಂದು ಹಳ್ಳಿ ಶಾಲೆಗೆ 43 ಇಂಚಿನ ಟಿವಿ ಕೊಟ್ಟೆವು. ಶಾಲು ಹೊದೆಸಿದರು, ಫೋಟೋ ಆಯಿತು, ಕೇಸರಿಬಾತ್ ತಿಂದು ಬಂದೆವು. ವರ್ಷ ಬಿಟ್ಟು ಬೇರೆ ಯಾವುದೋ ಕೆಲಸಕ್ಕೆ ಆ ದಾರಿಯಲ್ಲಿ ಹೋದವಳು ಶಾಲೆಯೊಳಗೆ ಇಣುಕಿದೆ. ಟಿವಿ ಆಫೀಸ್ ಕೋಣೆಯಲ್ಲಿತ್ತು. ಮೇಲೆ ಕಸೂತಿ ಹಾಕಿದ ಬಟ್ಟೆ. ರಿಮೋಟು ಕಪಾಟಿನಲ್ಲಿ, ಅದರ ಪ್ಲಾಸ್ಟಿಕ್ ಚೀಲ ಕೂಡ ಬಿಚ್ಚಿರಲಿಲ್ಲ. "ಹುಡುಗ್ರು ಹಾಳು ಮಾಡ್ತಾರೆ ಅಂತ ಜೋಪಾನವಾಗಿ ಇಟ್ಟಿದ್ದೇವೆ ಅಕ್ಕಾ" ಅಂದರು ಮಾಸ್ತರು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಟಿವಿ ಕೊಟ್ಟವರು ನಾವು. ಅದರಲ್ಲಿ ಏನು ನೋಡಬೇಕು, ಯಾವತ್ತು ನೋಡಬೇಕು, ಯಾರು ಹಚ್ಚಬೇಕು ಅಂತ ಒಂದು ಮಾತೂ ಆಡಿರಲಿಲ್ಲ. 31 ವರ್ಷ ಸಹಕಾರಿ ಸೊಸೈಟಿಯಲ್ಲಿ ಲೆಕ್ಕ ಬರೆದ ನನ್ನಂಥವಳಿಗೆ ಇದು ಹೊಳೆಯಬೇಕಿತ್ತು. ಖರ್ಚು 24,500 ರೂಪಾಯಿ. ನೋಡಿದ ಹುಡುಗಿಯರು ಸೊನ್ನೆ.

ಈಗ ನಾವು ಟಿವಿ ಕೊಡುವುದಿಲ್ಲ. ಸಿನಿಮಾ ತೋರಿಸುತ್ತೇವೆ. ವರ್ಷಕ್ಕೆ ನಾಲ್ಕು ಸಲ, ನಾಲ್ಕು ಶಾಲೆಯಲ್ಲಿ. ಹೆಣ್ಣುಮಕ್ಕಳಿಗೆ ಗಟ್ಟಿ ಹೆಂಗಸರನ್ನು ಪರದೆಯ ಮೇಲೆ ತೋರಿಸಬೇಕು ಅಂತ ಮನಸ್ಸಿದ್ದು, ಕೈಯಲ್ಲಿ ಒಂದಿಷ್ಟು ದುಡ್ಡಿದ್ದವರು ಹೇಗೆ ಶುರು ಮಾಡಬಹುದು ಅಂತ ಬರೆಯುತ್ತಿದ್ದೇನೆ. ನಾವು ಎಡವಿದ ಕಡೆ ನೀವು ಎಡವುವುದು ಬೇಡ.

ನಮಗೆ ಈ ಹುಚ್ಚು ಹತ್ತಿದ್ದು ಒಂದು ಶಾಲೆಯ ಗ್ಯಾದರಿಂಗ್‌ನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ. ಛದ್ಮವೇಷ ಸ್ಪರ್ಧೆ ನಡೆದಿತ್ತು. ಹುಡುಗರು ಪೊಲೀಸ್ ಆಗಿ ಬಂದರು, ಪೈಲಟ್ ಆಗಿ ಬಂದರು, ಗಡ್ಡ ಅಂಟಿಸಿಕೊಂಡು ಸಿನಿಮಾ ಹೀರೋ ಆಗಿಯೂ ಬಂದರು. ಹುಡುಗಿಯರಲ್ಲಿ ಮೂವರು ಕಿತ್ತೂರು ಚೆನ್ನಮ್ಮ, ಇಬ್ಬರು ಓಬವ್ವ, ಒಬ್ಬಳು ಭಾರತಮಾತೆ. ಚೆನ್ನಮ್ಮನ ಮೇಲೂ ಓಬವ್ವನ ಮೇಲೂ ನನಗೆ ತುಂಬಾ ಗೌರವವಿದೆ. ಆದರೆ ನಾನು ಹುಡುಗಿಯಾಗಿದ್ದಾಗಲೂ ಅವರೇ. 1972ರ 'ನಾಗರಹಾವು' ಸಿನಿಮಾದಲ್ಲಿ ಜಯಂತಿ ಒಂದು ಹಾಡಿನಷ್ಟು ಹೊತ್ತು ಓಬವ್ವ ಆಗಿದ್ದರು. ಅರ್ಧ ಶತಮಾನ ಕಳೆದರೂ ನಮ್ಮ ಹುಡುಗಿಯರು ಅದೇ ಒನಕೆ ಹಿಡಿದು ನಿಲ್ಲುತ್ತಾರೆ. ಬದುಕಿರುವ ಒಬ್ಬ ಹೆಂಗಸಿನ ವೇಷವನ್ನೂ ಯಾರೂ ಹಾಕಿರಲಿಲ್ಲ. ಯಾಕೆಂದರೆ ಅವರು ನೋಡಿರಲಿಲ್ಲ.

ಇದನ್ನು ಫೋನಿನಲ್ಲಿ ನನ್ನ ಅಕ್ಕನ ಮಗಳಿಗೆ ಹೇಳಿದೆ. ಅವಳಿರುವುದು ಅಮೆರಿಕದಲ್ಲಿ. "ಚಿಕ್ಕಮ್ಮಾ, ಇಲ್ಲಿ ಜೀನಾ ಡೇವಿಸ್ ಅಂತ ಒಬ್ಬ ನಟಿಗೆ ಸರೀ ಹೀಗೇ ಆಗಿತ್ತು" ಅಂದಳು. ಆಕೆ ತನ್ನ ಪುಟ್ಟ ಮಗಳ ಜೊತೆ ಕೂತು ಮಕ್ಕಳ ಕಾರ್ಯಕ್ರಮ ನೋಡುತ್ತಿದ್ದಾಗ, ಗಂಡು ಪಾತ್ರಗಳೇ ತುಂಬಿಕೊಂಡಿರುವುದು ಕಣ್ಣಿಗೆ ಬಿತ್ತಂತೆ. ಗೊಣಗಿ ಸುಮ್ಮನಾಗಲಿಲ್ಲ. 2004ರಲ್ಲಿ ಒಂದು ಸಂಸ್ಥೆಯನ್ನೇ ಕಟ್ಟಿ, ಸಿನಿಮಾ ಟಿವಿಗಳಲ್ಲಿ ಹೆಣ್ಣು ಪಾತ್ರ ಎಷ್ಟು, ಅವರು ಮಾತಾಡುವುದು ಎಷ್ಟು ಹೊತ್ತು ಅಂತ ಎಣಿಸಲು ಹಚ್ಚಿದಳು. ಎಣಿಸಿದ ಲೆಕ್ಕವನ್ನು ಸಿನಿಮಾ ಮಾಡುವವರ ಮುಂದೆಯೇ ಇಟ್ಟಳು. ಲೆಕ್ಕದವಳಾದ ನನಗೆ ಈ ಹೆಂಗಸು ಕೂಡಲೇ ಹಿಡಿಸಿಬಿಟ್ಟಳು.

ದುಡ್ಡಿನ ವ್ಯವಸ್ಥೆ

ನಾವು ಆರು ಜನ. ಒಬ್ಬರು ನಿವೃತ್ತ ನರ್ಸ್, ಇಬ್ಬರು ಅಕ್ಕೋರು (ಶಾಲೆಯ ಟೀಚರು), ಒಬ್ಬಳು ಅಂಗನವಾಡಿಯವಳು, ಒಬ್ಬಳದು ಮಾರಿಕಾಂಬಾ ದೇವಸ್ಥಾನದ ಹತ್ತಿರ ಹೂವಿನ ಅಂಗಡಿ, ಆಮೇಲೆ ನಾನು. ತಿಂಗಳಿಗೆ ಒಬ್ಬೊಬ್ಬರು 200 ರೂಪಾಯಿ ಹಾಕುತ್ತೇವೆ. ವರ್ಷಕ್ಕೆ 14,400. ಇಷ್ಟೇ ನಮ್ಮ ಬಂಡವಾಳ.

ಒಂದು ಪ್ರದರ್ಶನದ ಖರ್ಚು ಹೀಗೆ ಬರುತ್ತದೆ. ಪ್ರೊಜೆಕ್ಟರ್, ಸ್ಪೀಕರ್ ಬಾಡಿಗೆ 1,500. ಗಾಡಿಯ ಡೀಸೆಲ್ 600. ಎಪ್ಪತ್ತು ಮಕ್ಕಳಿಗೆ ಅವಲಕ್ಕಿ, ಬಾಳೆಹಣ್ಣು 700. ಹಾಳೆ, ಪೆನ್ಸಿಲ್ಲು 350. ಒಟ್ಟು 3,150. ನಾಲ್ಕು ಪ್ರದರ್ಶನಕ್ಕೆ 12,600. ಉಳಿದ 1,800 ಎಲ್ಲಿಗೆ ಹೋಗುತ್ತದೆ ಅಂತ ಮುಂದೆ ಹೇಳುತ್ತೇನೆ.

ದೊಡ್ಡ ದುಡ್ಡು ಬರಲಿ ಅಂತ ಕಾಯಬೇಡಿ. 1976ರಲ್ಲಿ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ 'ಮಂಥನ್' ಅನ್ನುವ ಸಿನಿಮಾ ಮಾಡಿಸಿದ್ದರು. ಅದರಲ್ಲಿ ಸ್ಮಿತಾ ಪಾಟೀಲ್ ಮಾಡಿದ ಹಳ್ಳಿ ಹೆಂಗಸಿನ ಪಾತ್ರವನ್ನು ಜನ ಇವತ್ತಿಗೂ ನೆನೆಯುತ್ತಾರೆ. ಎರಡೆರಡು ರೂಪಾಯಿ! ನಮ್ಮ ಸೊಸೈಟಿ ಸಭೆಗಳಲ್ಲಿ ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಒಂದು ಪುಸ್ತಕ ಇಡಿ. ಜಮಾ ಎಡಕ್ಕೆ, ಖರ್ಚು ಬಲಕ್ಕೆ. ರಸೀದಿ ಅಲ್ಲೇ ಅಂಟಿಸಿ. ಸ್ನೇಹಿತರು ಸೇರಿ ಕೈಯಿಂದ ಖರ್ಚು ಮಾಡುವಷ್ಟಕ್ಕೆ ಟ್ರಸ್ಟು, ನೋಂದಣಿ ಅಂತ ತಲೆಕೆಡಿಸಿಕೊಳ್ಳುವುದು ಬೇಡ. ಊರೆಲ್ಲ ಸುತ್ತಿ ಚಂದಾ ಎತ್ತುವ ಆಸೆ ಬಂದರೆ ಆವಾಗ ನೋಂದಣಿ ಮಾಡಿಸಿ. ಇಲ್ಲದಿದ್ದರೆ ಒಂದಲ್ಲ ಒಂದು ದಿನ ಮಾತು ಬರುತ್ತದೆ.

ಹೊರದೇಶದ ದುಡ್ಡಿನ ವಿಷಯದಲ್ಲಿ ಮಾತ್ರ ಹುಷಾರು. ನನ್ನ ಅಕ್ಕನ ಮಗಳು "ನಾನೂ ಐನೂರು ಡಾಲರ್ ಕಳಿಸ್ತೇನೆ" ಅಂದಳು. ಅವಳು ಅಲ್ಲಿನ ಪೌರತ್ವ ತೆಗೆದುಕೊಂಡಾಗಿದೆ. ಅಂಥವರು ಇಲ್ಲಿ ಸೇವಾಕಾರ್ಯಕ್ಕೆ ಕೊಡುವ ದುಡ್ಡು ವಿದೇಶಿ ದೇಣಿಗೆಯ ಲೆಕ್ಕಕ್ಕೆ ಬರುತ್ತದೆ. ಅದನ್ನು ಪಡೆಯಲು ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ ಬೇಕು. ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಉಳಿತಾಯದ ದುಡ್ಡನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಈ ತಕರಾರಿಲ್ಲ. ನಾನು ಬೇಡ ಅಂದೆ. ಅವಳು ಅದೇ ದುಡ್ಡನ್ನು ಅಲ್ಲಿಯೇ ಜೀನಾ ಡೇವಿಸ್ ಸಂಸ್ಥೆಗೆ ಕೊಟ್ಟಳು. ಅಲ್ಲಿ ಎಣಿಸುವವರಿಗೆ ಅವಳ ದುಡ್ಡು, ಇಲ್ಲಿ ತೋರಿಸುವವರಿಗೆ ನಮ್ಮ ದುಡ್ಡು.

ಏನು ತೋರಿಸುವುದು

ನಾವು ಜಾಸ್ತಿ ಜಗಳ ಆಡಿದ್ದು ಇದರ ಮೇಲೆಯೇ.

ಮೊದಲ ಸಲ 'ದಂಗಲ್' ಹಾಕಿದೆವು. ಕುಸ್ತಿ ಹಿಡಿಯುವ ಹುಡುಗಿಯರು, ಇನ್ನೇನು ಬೇಕು? ಮಕ್ಕಳು ಚಪ್ಪಾಳೆ ಹೊಡೆದರು, ಬೆಂಚಿನ ಮೇಲೆ ಹತ್ತಿ ಕುಣಿದರು. ಮುಗಿದ ಮೇಲೆ ಆರನೇ ಕ್ಲಾಸಿನ ಒಬ್ಬಳು ಕೈ ಎತ್ತಿ ಕೇಳಿದಳು: "ಅಕ್ಕೋರೇ, ಅವ್ರ ಅಪ್ಪ ಕುಸ್ತಿ ಬೇಡ ಅಂದಿದ್ರೆ?"

ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅವಳ ಮನೆಯಲ್ಲಿ ಅಪ್ಪ ಬೇಡ ಅನ್ನುವವನೇ ಅಂತ ಆಮೇಲೆ ಗೊತ್ತಾಯಿತು. ಸಿನಿಮಾ ಚೆನ್ನಾಗಿಯೇ ಇದೆ. ಆದರೆ ಹುಡುಗಿಯರು ಕುಸ್ತಿ ಆಡಬೇಕು ಅಂತ ಮೊದಲು ನಿರ್ಧಾರ ಮಾಡಿದವನು ಅಪ್ಪ, ಕೂದಲು ಕತ್ತರಿಸಿಸಿದವನೂ ಅಪ್ಪ. ಆ ಮಗು ಅದನ್ನು ಹಿಡಿದುಬಿಟ್ಟಿತ್ತು. ನಾವು ಆರು ಜನ ದೊಡ್ಡವರಿಗೆ ಅದು ಹೊಳೆದಿರಲಿಲ್ಲ.

ಅಲಿಸನ್ ಬೆಕ್ಡೆಲ್ ಅನ್ನುವ ಅಮೆರಿಕದ ವ್ಯಂಗ್ಯಚಿತ್ರಗಾರ್ತಿ 1985ರಲ್ಲಿ ತನ್ನ ಚಿತ್ರಪಟ್ಟಿಯೊಂದರಲ್ಲಿ ಸುಲಭದ ಪರೀಕ್ಷೆಯೊಂದನ್ನು ಬರೆದಿದ್ದಳು. ಸಿನಿಮಾದಲ್ಲಿ ಕನಿಷ್ಠ ಇಬ್ಬರು ಹೆಂಗಸರು ಇರಬೇಕು. ಅವರು ಒಬ್ಬರಿಗೊಬ್ಬರು ಮಾತಾಡಬೇಕು. ಆ ಮಾತು ಗಂಡಸಿನ ಬಗ್ಗೆ ಅಲ್ಲದೆ ಬೇರೆ ಯಾವುದರದ್ದಾದರೂ ಆಗಿರಬೇಕು. ಇಷ್ಟೇ. ನೀವು ಕಳೆದ ತಿಂಗಳು ನೋಡಿದ ಸಿನಿಮಾಕ್ಕೆ ಇದನ್ನು ಹಚ್ಚಿ ನೋಡಿ. ನಗು ಬರುತ್ತದೆ, ಇಲ್ಲ ಸಿಟ್ಟು ಬರುತ್ತದೆ.

ಅದಕ್ಕೆ ನಾವು ನಮ್ಮದೊಂದು ಪ್ರಶ್ನೆ ಸೇರಿಸಿಕೊಂಡೆವು: ನಿರ್ಧಾರ ಯಾರದ್ದು? ಹೊಡೆದಾಡುವ ಹೆಂಗಸೇ ಗಟ್ಟಿ ಹೆಂಗಸು ಅಂತ ಅಲ್ಲ. ಸುಮ್ಮನೆ ಕೂತು "ಇಲ್ಲ, ನಾನು ಹೀಗೇ ಮಾಡ್ತೇನೆ" ಅನ್ನುವವಳೂ ಗಟ್ಟಿಯೇ. ತೋರಿಸುವ ಮೊದಲು ನಮ್ಮಲ್ಲಿ ಇಬ್ಬರಾದರೂ ಪೂರ್ತಿ ನೋಡಿರಬೇಕು ಅನ್ನುವುದು ನಿಯಮ. ಟ್ರೇಲರ್ ನೋಡಿ ಆರಿಸಿ ಒಮ್ಮೆ ಪೆಟ್ಟು ತಿಂದಿದ್ದೇವೆ. ಏನು ಬಂತು ಅಂತ ಇಲ್ಲಿ ಬರೆಯುವುದು ಬೇಡ. ನರ್ಸಮ್ಮ ಓಡಿಹೋಗಿ ಪ್ರೊಜೆಕ್ಟರಿಗೆ ಸೆರಗು ಹಿಡಿದಳು ಅಂತಷ್ಟೇ ಹೇಳುತ್ತೇನೆ.

ನಮ್ಮ ಅನುಭವದಲ್ಲಿ ಎರಡು ಚೆನ್ನಾಗಿ ಹಿಡಿಸಿದವು. ಒಂದು 2018ರ 'ಹೆಬ್ಬೆಟ್ ರಾಮಕ್ಕ'. ಓದು ಬರಹ ಬಾರದ ಹೆಂಗಸು ಪಂಚಾಯ್ತಿ ಅಧ್ಯಕ್ಷೆ ಆಗುವ ಕತೆ, ತಾರಾ ಮಾಡಿದ್ದಾರೆ, ರಾಷ್ಟ್ರಪ್ರಶಸ್ತಿಯೂ ಬಂದಿದೆ. ಕನ್ನಡದ್ದೇ ಆದ್ದರಿಂದ ಮಕ್ಕಳಿಗೆ ಕಷ್ಟವಿಲ್ಲ. ನಮ್ಮಲ್ಲಿ ಪಂಚಾಯ್ತಿ ಸೀಟಿನಲ್ಲಿ ಅರ್ಧ ಹೆಂಗಸರಿಗೆ ಮೀಸಲು. ಆದರೂ ಸಭೆಯಲ್ಲಿ ಗಂಡನೇ ಬಂದು ಕೂರುವುದನ್ನು ಮಕ್ಕಳು ನೋಡಿಯೇ ಇರುತ್ತಾರೆ. ಹಾಗಾಗಿ ನಗು ಎಲ್ಲಿ ಬರಬೇಕೋ ಅಲ್ಲೇ ಬಂತು.

ಇನ್ನೊಂದು 'ತಾರಿಣಿ' ಹಡಗಿನ ಸಂಗತಿ. ಇದನ್ನು ಕರಾವಳಿಯ ಶಾಲೆಗಳಿಗೆ ಖಂಡಿತ ತೋರಿಸಬೇಕು ಅನ್ನುತ್ತೇನೆ. ನೌಕಾಪಡೆಯ ಆರು ಹೆಂಗಸರು, ವರ್ತಿಕಾ ಜೋಶಿ ಅವರ ನಾಯಕತ್ವದಲ್ಲಿ, 2017ರ ಸೆಪ್ಟೆಂಬರ್ 10ಕ್ಕೆ ಗೋವಾದಿಂದ ಹಾಯಿದೋಣಿಯಲ್ಲಿ ಹೊರಟರು. ಪ್ರಪಂಚ ಸುತ್ತಿ 2018ರ ಮೇ 21ಕ್ಕೆ ಗೋವಾಕ್ಕೇ ವಾಪಸ್ ಬಂದರು. 254 ದಿನ. ಇದರ ಮೇಲೆ ನ್ಯಾಷನಲ್ ಜಿಯಾಗ್ರಫಿಕ್‌ನ ಸಾಕ್ಷ್ಯಚಿತ್ರ 2019ರಲ್ಲಿ ಬಂತು. ಆಮೇಲೆ 2024–25ರಲ್ಲಿ ದಿಲ್ನಾ, ರೂಪಾ ಅನ್ನುವ ಇಬ್ಬರೇ ಅಧಿಕಾರಿಗಳು ಅದೇ ದೋಣಿಯಲ್ಲಿ ಮತ್ತೆ ಪ್ರಪಂಚ ಸುತ್ತಿದರು. ಕಾರವಾರದ ಮಕ್ಕಳಿಗೆ ಗೋವಾ ಅಂದರೆ ಕಾಳಿ ಸೇತುವೆ ದಾಟಿ ಸ್ವಲ್ಪ ಮುಂದೆ ಅಷ್ಟೇ. ನೌಕಾನೆಲೆಯ ಬೇಲಿ ನೋಡಿಕೊಂಡೇ ಶಾಲೆಗೆ ಹೋಗುವವರಿದ್ದಾರೆ. ಆದರೆ ಅವರ ಮನೆಯಲ್ಲಿ ದೋಣಿ ಹತ್ತುವವರು ಗಂಡಸರು, ದಡದಲ್ಲಿ ಮೀನು ಆರಿಸಿ ಬುಟ್ಟಿ ಹೊರುವವರು ಹೆಂಗಸರು. ಪರದೆಯ ಮೇಲೆ ಆರು ಜನ ಹೆಂಗಸರು ಹಾಯಿ ಎಳೆಯುವುದು ಬಂದಾಗ ಒಬ್ಬ ಹುಡುಗಿ ಪಕ್ಕದವಳಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: "ಅವ್ರಿಗೆ ವಾಂತಿ ಬರುದಿಲ್ವನೇ?" ನೋಡಿ, ಕೇಳಬೇಕಾದ ಪ್ರಶ್ನೆ ಅದು.

ಭಾಷೆಯ ತೊಂದರೆಗೆ ನಾವು ಕಂಡುಕೊಂಡ ದಾರಿ ತಾಳಮದ್ದಲೆಯದು, ವೇಷವಿಲ್ಲದೆ ಕೂತು ಮಾತಿನಲ್ಲೇ ಅರ್ಥ ಹೇಳುವ ಯಕ್ಷಗಾನದ್ದು. ಸಿನಿಮಾ ಹಿಂದಿ, ಇಂಗ್ಲಿಷಿನಲ್ಲಿದ್ದರೆ ಒಬ್ಬ ಅಕ್ಕೋರು ಮೈಕ್ ಹಿಡಿದು ಅರ್ಥಧಾರಿಯಂತೆ ಪಕ್ಕದಲ್ಲಿ ಕೂರುತ್ತಾರೆ. ಮುಖ್ಯವಾದ ಕಡೆ ನಿಲ್ಲಿಸಿ, ಎರಡು ಮಾತಿನಲ್ಲಿ ಅರ್ಥ ಹೇಳಿ, ಮುಂದೆ ಬಿಡುತ್ತಾರೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಇದು ಹೊಸದೇನಲ್ಲ, ಅಜ್ಜನ ಜೊತೆ ತಾಳಮದ್ದಲೆಯಲ್ಲಿ ನಿದ್ದೆ ಮಾಡಿ ಬೆಳೆದವರು. ಅರ್ಥಧಾರಿಯ ಚಟ ಹತ್ತಿದರೆ ಮಾತ್ರ ಕಷ್ಟ. ನಮ್ಮ ಒಬ್ಬ ಅಕ್ಕೋರು ಒಂದು ದೃಶ್ಯಕ್ಕೆ ಹತ್ತು ನಿಮಿಷ ಅರ್ಥ ಹೇಳಿದ್ದೂ ಇದೆ.

ಹೊತ್ತು ನೋಡಿ ಆರಿಸಿ. 'ದಂಗಲ್' 161 ನಿಮಿಷ. ಸಂಜೆಯ ಬಸ್ಸು ತಪ್ಪಿದರೆ ಕೆಲವು ಮಕ್ಕಳು ಆರು ಕಿಲೋಮೀಟರ್ ನಡೆಯಬೇಕು. ಈಗ ನಾವು ಒಂದು ತಾಸಿಗಿಂತ ಜಾಸ್ತಿ ಹಚ್ಚುವುದಿಲ್ಲ. ಉದ್ದದ ಸಿನಿಮಾ ಆದರೆ ಎರಡು ಶನಿವಾರ.

ಕತ್ತಲೆ, ಕರೆಂಟು, ಕಾಪಿರೈಟು

ಪ್ರೊಜೆಕ್ಟರ್ ಕೊಳ್ಳಬೇಡಿ. ಶಾಮಿಯಾನದವರ ಹತ್ತಿರ, ಫೋಟೋ ಸ್ಟುಡಿಯೋದವರ ಹತ್ತಿರ ಬಾಡಿಗೆಗೆ ಸಿಗುತ್ತದೆ. ಕೊಂಡರೆ ಅದನ್ನು ಇಡುವುದು ಎಲ್ಲಿ, ಮಳೆಗಾಲದಲ್ಲಿ ಬೂಸ್ಟು ಹಿಡಿಯದಂತೆ ನೋಡಿಕೊಳ್ಳುವುದು ಯಾರು? 3,000 ಲುಮೆನ್ (ಬೆಳಕಿನ ಅಳತೆ) ಮೇಲಿನದನ್ನು ಕೇಳಿ. ಕಡಿಮೆಯದಾದರೆ ಹಗಲಿನಲ್ಲಿ ಪರದೆಯ ಮೇಲೆ ದೆವ್ವ ಓಡಾಡಿದಂತೆ ಕಾಣುತ್ತದೆ.

ಕತ್ತಲೆ ಮಾಡುವುದೇ ದೊಡ್ಡ ಕೆಲಸ. ಶಾಲೆಯ ಕಿಟಕಿಗಳಿಗೆ ಪರದೆ ಇರುವುದಿಲ್ಲ. ನಾವು ಅಡಿಕೆ ಒಣಗಿಸುವ ತಾಡಪಾಲು ಒಯ್ಯುತ್ತೇವೆ. ಮೂರು ತಾಡಪಾಲು, ಒಂದು ಕಟ್ಟು ಸುತಳಿ ದಾರ, ಒಂದು ಏಣಿ. ದೊಡ್ಡ ಹುಡುಗರೇ ಹತ್ತಿ ಕಟ್ಟುತ್ತಾರೆ. ಅಡಿಕೆ ಕೊಯ್ಲು ಶುರುವಾದರೆ ತಾಡಪಾಲು ಯಾರೂ ಕೊಡುವುದಿಲ್ಲ, ಅದನ್ನು ನೋಡಿಕೊಂಡು ದಿನ ಇಟ್ಟುಕೊಳ್ಳಿ. ಪರದೆಗೆ ಬಿಳಿ ಬೆಡ್‌ಶೀಟ್ ಸಾಕು, ಆದರೆ ಇಸ್ತ್ರಿ ಮಾಡಿದ್ದಿರಲಿ. ಮಡಿಕೆ ಇದ್ದರೆ ನಾಯಕಿಯ ಮೂಗು ಎರಡಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ಮರೆತುಬಿಡಿ. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಯಾವ ಸ್ಪೀಕರೂ ಕೇಳುವುದಿಲ್ಲ. ಕರೆಂಟಿನ ಮಾತಂತೂ ಬೇಡವೇ ಬೇಡ. ಬಾಕಿ ದಿನಗಳಲ್ಲೂ ಇನ್ವರ್ಟರ್ ಇರುವ ಶಾಲೆಯನ್ನೇ ಆರಿಸಿ, ಇಲ್ಲವೇ ಜನರೇಟರ್ ಜೊತೆಗೆ ತನ್ನಿ. ಸಿನಿಮಾ ಮೊದಲೇ ಲ್ಯಾಪ್‌ಟಾಪಿನಲ್ಲಿ ಇರಲಿ. ಶಿರಸಿಯ ಘಟ್ಟದ ಅಂಚಿನ ಊರುಗಳಲ್ಲಿ ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು, ಅದು ನಿಮಗೇ ಗೊತ್ತಲ್ವಾ.

ಕಾಪಿರೈಟಿನ ವಿಷಯ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಶಾಲೆಗಳಿಗೆ ಒಂದು ಸೌಕರ್ಯ ಇದೆ. ಶಾಲೆಯ ಚಟುವಟಿಕೆಯ ಭಾಗವಾಗಿ, ಶಿಕ್ಷಕರು, ಮಕ್ಕಳು, ಅವರ ತಂದೆತಾಯಿ, ಆ ಚಟುವಟಿಕೆಗೆ ಸಂಬಂಧಪಟ್ಟವರು ಇಷ್ಟೇ ಜನ ಕೂತು ಸಿನಿಮಾ ನೋಡಿದರೆ ತಪ್ಪಾಗುವುದಿಲ್ಲ. ಊರವರನ್ನೆಲ್ಲ ಕರೆದು, ಜಾತ್ರೆ ಬಯಲಿನಲ್ಲಿ ಪರದೆ ಕಟ್ಟಿದರೆ ಅದು ಬೇರೆ. ಅದಕ್ಕೆ ಸಿನಿಮಾದವರ ಪರವಾನಗಿ ಬೇಕೇ ಬೇಕು. ಆದ್ದರಿಂದ ಕಾರ್ಯಕ್ರಮ ಶಾಲೆಯ ಹೆಸರಿನಲ್ಲೇ ಇರಲಿ, ಎಸ್‌ಡಿಎಂಸಿ (ಶಾಲೆಯ ಉಸ್ತುವಾರಿ ಸಮಿತಿ) ಸಭೆಯ ಠರಾವಿನಲ್ಲಿ ಒಂದು ಸಾಲು ಬರೆಸಿ. ನೆಟ್‌ಫ್ಲಿಕ್ಸ್‌ನವರು ತಮ್ಮ ಕೆಲವು ಸಾಕ್ಷ್ಯಚಿತ್ರಗಳನ್ನು ಶಾಲೆಗಳಲ್ಲಿ ಒಂದು ಸಲ ತೋರಿಸಲು ಬಿಡುತ್ತಾರೆ, ಆ ಚಿತ್ರದ ಪುಟದಲ್ಲೇ ಹಾಗಂತ ಬರೆದಿರುತ್ತದೆ. ಯಾರೋ ಟೆಲಿಗ್ರಾಂನಲ್ಲಿ ಕಳಿಸಿದ ಕಳ್ಳ ಕಾಪಿ ಬೇಡ. ಹೆಂಗಸರ ದುಡಿಮೆಗೆ ಬೆಲೆ ಕೊಡಿ ಅಂತ ಮಕ್ಕಳಿಗೆ ತೋರಿಸಲು ಹೋಗಿ, ಅದೇ ಸಿನಿಮಾದಲ್ಲಿ ದುಡಿದ ಹೆಂಗಸರ ಅನ್ನ ಕಸಿಯುವುದೇ?

ಸಿನಿಮಾ ಮುಗಿದ ಮೇಲೆ

ಆ 1,800 ರೂಪಾಯಿ ಇಲ್ಲಿಗೆ. ಪ್ರತಿ ಪ್ರದರ್ಶನಕ್ಕೂ ಜೀವಂತ ಒಬ್ಬ ಹೆಂಗಸನ್ನು ಕರೆಯುತ್ತೇವೆ. ಬಸ್ ಖರ್ಚು, ಒಂದು ದಿನದ ಕೂಲಿ ಕೊಡುತ್ತೇವೆ. ಸೇವೆ ಅಂತ ಪುಕ್ಕಟೆ ಕರೆಯಬೇಡಿ. ದಿನದ ದುಡಿಮೆ ಬಿಟ್ಟು ಬಂದವರಿಗೆ ಶಾಲು ಹೊದೆಸಿ ಕಳಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಇದುವರೆಗೆ ಬಂದವರಲ್ಲಿ ಮಕ್ಕಳಿಗೆ ಜಾಸ್ತಿ ಹಿಡಿಸಿದ್ದು ಒಬ್ಬ ಬಸ್ ಕಂಡಕ್ಟರ್. ಅವಳು ಭಾಷಣ ಮಾಡಲಿಲ್ಲ. ಟಿಕೆಟ್ ಮಷಿನ್ ಒತ್ತುವುದು ಹೇಗೆ ಅಂತ ಬರಿಗೈಯಲ್ಲೇ ಮಾಡಿ ತೋರಿಸಿದಳು, ಸೀಟಿ ಊದಿದಳು, ರಾತ್ರಿ ವಸತಿ ಬಸ್ಸಿನಲ್ಲಿ ಎಲ್ಲಿ ಮಲಗುತ್ತಾಳೆ ಅಂತ ಹೇಳಿದಳು. ಕುಡಿದು ಬಂದವನನ್ನು ಏನು ಮಾಡುತ್ತೀರಿ ಅಂತ ಒಬ್ಬ ಹುಡುಗ ಕೇಳಿದ. "ಮುಂದಿನ ಸ್ಟಾಪಲ್ಲಿ ಇಳಿಸ್ತೇನೆ. ಇಳಿಯದಿದ್ರೆ ಬಸ್ ಹೋಗುದಿಲ್ಲ. ಆವಾಗ ಉಳಿದ ಪ್ಯಾಸೆಂಜರೇ ಇಳಿಸ್ತಾರೆ" ಅಂದಳು. ಇಡೀ ಕೋಣೆ ನಕ್ಕಿತು.

ಹುಡುಗರನ್ನು ಹೊರಗೆ ಕಳಿಸಬೇಡಿ. ಹುಡುಗಿಯರಿಗೆ ಮಾತ್ರ ತೋರಿಸೋಣ ಅಂತ ನಮ್ಮಲ್ಲೂ ಒಬ್ಬಳು ವಾದ ಮಾಡಿದಳು. ನಾನು ಒಪ್ಪಲಿಲ್ಲ. ಮನೆಗೆ ಹೋಗಿ "ತಂಗಿ ಆಡಲಿ ಬಿಡಿ" ಅನ್ನಬೇಕಾದವನು ಅವನೇ ಅಲ್ವಾ.

"ಈ ಸಿನಿಮಾದಿಂದ ಏನು ಕಲಿತಿರಿ?" ಅಂತ ಮಾತ್ರ ಕೇಳಬೇಡಿ. ಕೇಳಿದ ಕೂಡಲೇ ಎಲ್ಲರೂ ಪಾಠ ಒಪ್ಪಿಸುವ ದನಿಯಲ್ಲಿ "ಧೈರ್ಯವಾಗಿರಬೇಕು ಟೀಚರ್" ಅನ್ನುತ್ತಾರೆ. ಬದಲಿಗೆ "ನಿಮಗೆ ಸಿಟ್ಟು ಬಂದದ್ದು ಎಲ್ಲಿ?" ಅಂತ ಕೇಳಿ. ಹಾಳೆ ಕೊಟ್ಟು ಒಂದು ದೃಶ್ಯ ಬರೆಯಲು ಹೇಳಿ, ಚಿತ್ರವೂ ಆಗುತ್ತದೆ. ಪೆನ್ಸಿಲ್ಲಿನ 350 ರೂಪಾಯಿ ಅದಕ್ಕೇ.

ನಮ್ಮೂರಿನವರನ್ನೇ ಸಿನಿಮಾ ಮಾಡುವುದು

ಇದರಲ್ಲಿ ನಮ್ಮದು ತುಂಬಲಾಗದ ಒಂದು ನಷ್ಟ ಇದೆ.

ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರು ಯಾರಿಗೆ ಗೊತ್ತಿಲ್ಲ? ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ಬೆಳೆಸಿ ಬೆಳೆಸಿ, 2020ರ ಪದ್ಮಶ್ರೀ ಪಡೆದವರು. ಅದನ್ನು ತೆಗೆದುಕೊಳ್ಳಲು ತಮ್ಮ ಹಾಲಕ್ಕಿ ಸಮುದಾಯದ ಉಡುಗೆಯಲ್ಲಿ, ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋದವರು. ಅದೇ ತಾಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಹಾಡಿನ ಕಣಜ, ಸಾರಾಯಿ ವಿರುದ್ಧ ಬೀದಿಗಿಳಿದವರು. ಇಬ್ಬರ ಮೇಲೂ ವರದಿಗಳು, ತುಣುಕು ವಿಡಿಯೋಗಳು ಬೇಕಾದಷ್ಟಿವೆ. ಆದರೆ ಹತ್ತು ವರ್ಷದ ಹುಡುಗಿ ಕೇಳುವ ಪ್ರಶ್ನೆಗೆ ಅವರು ಉತ್ತರ ಕೊಡುವ ವಿಡಿಯೋ ನಮಗೆ ಬೇಕಿತ್ತು. ನಾಲ್ಕು ಹುಡುಗಿಯರನ್ನು ಕರೆದುಕೊಂಡು ಹೊನ್ನಳ್ಳಿಗೆ ಹೋಗುವುದು ಅಂತ ಮಾತಾಯಿತು. ಮಳೆ ಅಂತ ಮುಂದೆ ಹಾಕಿದೆವು. ಆಮೇಲೆ ದೀಪಾವಳಿ. ಆಮೇಲೆ ಕೊಯ್ಲು. 2024ರ ಡಿಸೆಂಬರ್ 16ಕ್ಕೆ ತುಳಸಜ್ಜಿ ಹೋದರು. ಸುಕ್ರಜ್ಜಿಯ ಹತ್ತಿರವಾದರೂ ಬೇಗ ಹೋಗೋಣ ಅನ್ನುವಷ್ಟರಲ್ಲಿ 2025ರ ಫೆಬ್ರವರಿ 13ಕ್ಕೆ ಅವರೂ ಹೋದರು. ಎರಡೇ ತಿಂಗಳ ಅಂತರ. ನಮ್ಮ ಪುಸ್ತಕದಲ್ಲಿ "ಹೊನ್ನಳ್ಳಿ ಪ್ರಯಾಣಕ್ಕೆ ಮೀಸಲು, 1,000" ಅಂತ ಬರೆದ ಸಾಲು ಹಾಗೇ ಇದೆ. ಅದಕ್ಕೆ ಗೆರೆ ಎಳೆಯಲು ನನಗೆ ಕೈ ಬರಲಿಲ್ಲ.

ಅದಾದ ಮೇಲೆ ತಡ ಮಾಡುವುದನ್ನು ಬಿಟ್ಟೆವು. ಪದ್ಮಶ್ರೀ ಬಂದವರೇ ಆಗಬೇಕು ಅಂತಲೂ ಬಿಟ್ಟೆವು. ಯಲ್ಲಾಪುರ ಕಡೆಯ ಶಾಲೆಯೊಂದರಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಒಬ್ಬ ಹುಡುಗಿ "ನಮ್ಮಂಥ ಕೂದಲಿನವ್ರು ಸಿನಿಮಾದಲ್ಲಿ ಇರೋದೇ ಇಲ್ಲ" ಅಂದಳು. ದೂರು ಅಲ್ಲ, ಸುಮ್ನೆ ಹೇಳಿದಳು. ಅವಳ ಊರಿನ ಪಕ್ಕದಲ್ಲೇ ಪಂಚಾಯ್ತಿ ಸದಸ್ಯೆ ಆಗಿರುವ ಸಿದ್ದಿ ಅಕ್ಕ ಒಬ್ಬರಿದ್ದರು. ನಮ್ಮ ಮೊದಲ ಸಿನಿಮಾ ಅವರದ್ದು. ಒಂಬತ್ತು ನಿಮಿಷ.

ಮಾಡುವುದು ಕಷ್ಟವಿಲ್ಲ. ಒಂದು ಒಳ್ಳೆಯ ಫೋನು, ಒಂದು ಸ್ಟ್ಯಾಂಡು, ಅಂಗಿಗೆ ಸಿಕ್ಕಿಸುವ ಒಂದು ಕಾಲರ್ ಮೈಕು. ಮೈಕಿಗೆ ಮಾತ್ರ ದುಡ್ಡು ಹಾಕಿ. ಚಿತ್ರ ಸ್ವಲ್ಪ ಮಬ್ಬಾದರೂ ನಡೆಯುತ್ತದೆ, ಮಾತು ಕೇಳದಿದ್ದರೆ ಎಲ್ಲ ವ್ಯರ್ಥ. ನಮ್ಮ ಮೊದಲ ಪ್ರಯತ್ನದಲ್ಲಿ ಒಂದು ಕೋಳಿ ಉದ್ದಕ್ಕೂ ಕೂಗಿ ಅರ್ಧ ಮಾತು ನುಂಗಿತ್ತು. ಫೋನು ಅಡ್ಡ ಹಿಡಿಯಬೇಕು. ಬೆಳಕು ಅವರ ಮುಖದ ಮೇಲಿರಲಿ, ಬೆನ್ನ ಹಿಂದೆ ಬೇಡ. ಕೂರಿಸಿ ಮಾತಾಡಿಸಬೇಡಿ, ಕೆಲಸ ಮಾಡುತ್ತಿರುವಾಗಲೇ ಕೇಳಿ. ಪ್ರಶ್ನೆ ಹುಡುಗಿಯರೇ ಕೇಳಲಿ, ಮೈಕೂ ಅವರ ಕೈಯಲ್ಲೇ ಇರಲಿ. ಅವರ ಕನ್ನಡ ಹಾಲಕ್ಕಿಯೋ, ಹವ್ಯಕವೋ, ಕೊಂಕಣಿ ಬೆರೆತದ್ದೋ, ಇದ್ದಂತೆ ಇರಲಿ. ತಿದ್ದಬೇಡಿ.

ಒಪ್ಪಿಗೆಯನ್ನು ಮೊದಲೇ ಕೇಳಿ, ಎಲ್ಲಿ ತೋರಿಸುತ್ತೇವೆ ಅಂತ ಹೇಳಿ. ಪೂರ್ತಿ ಆದ ಮೇಲೆ ಮೊದಲು ನೋಡಬೇಕಾದವರು ಅವರೇ. ಆ ಸಿದ್ದಿ ಅಕ್ಕ ನೋಡಿ, ಗಂಡನ ಬಗ್ಗೆ ಆಡಿದ ಒಂದು ಮಾತು ತೆಗೆಯಿರಿ ಅಂದರು. ತೆಗೆದೆವು. ಸಿನಿಮಾದಲ್ಲಿ ಅದೇ ಒಳ್ಳೆಯ ಮಾತಾಗಿತ್ತು, ಏನು ಮಾಡುವುದು, ಅದು ಅವರ ಮಾತು. ಎಡಿಟ್ ಮಾಡುವ ಕಾಲೇಜು ಹುಡುಗಿಗೆ 1,500 ಕೊಟ್ಟೆವು. ಅವಳಿಗೂ ಅದು ಮೊದಲ ಸಂಪಾದನೆ.

ಹೊರಗಿನವರಿಗೆ ಕೊಡುವಾಗ

ಎಲ್ಲರಿಗೂ ಶಾಲೆ ಸುತ್ತಲು ಆಗುವುದಿಲ್ಲ. ಸಂಸ್ಥೆಗೋ ಸಿನಿಮಾ ಮಾಡುವವರಿಗೋ ಕೊಡುವವರಿಗೆ ನನ್ನ ಪೆಟ್ಟು ತಿಂದ ಬುದ್ಧಿ ಹೇಳುತ್ತೇನೆ. ದೊಡ್ಡ ಊರಿನ ಒಂದು ಗುಂಪು ಹೆಣ್ಣುಮಕ್ಕಳ ಮೇಲೆ ಕಿರುಚಿತ್ರ ಮಾಡುತ್ತೇವೆ ಅಂತ ದುಡ್ಡು ಕೇಳಿತ್ತು. 10,000 ಕಳಿಸಿದೆ. ಬಣ್ಣಬಣ್ಣದ ಪೋಸ್ಟರ್ ಬಂತು, ಹಬ್ಬಹಬ್ಬಕ್ಕೆ ಶುಭಾಶಯ ಬಂತು. ಸಿನಿಮಾ ಬರಲಿಲ್ಲ.

ಈಗ ನಾನು ಕೊಡುವ ಮೊದಲು ಕೇಳುತ್ತೇನೆ: ಹಿಂದೆ ಮಾಡಿದ್ದು ತೋರಿಸಿ. ಎಷ್ಟು ಶಾಲೆಯಲ್ಲಿ, ಯಾವ ಊರಿನಲ್ಲಿ ತೋರಿಸಿದಿರಿ? ಕ್ಯಾಮೆರಾ ಹಿಂದೆ ಎಷ್ಟು ಹೆಂಗಸರಿದ್ದಾರೆ? ಮೂರನೆಯದಕ್ಕೆ ತಡವರಿಸುವವರು ಜಾಸ್ತಿ.

ನೋಂದಾಯಿತ ಸಂಸ್ಥೆಯಾದರೆ ಸ್ವಯಂಸೇವಾ ಸಂಸ್ಥೆಗಳ ಪಟ್ಟಿ ಇರುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಹೆಸರು ಹುಡುಕಿ. ತೆರಿಗೆ ವಿನಾಯಿತಿ ಬೇಕಿದ್ದರೆ ದಾನಕ್ಕೆ ವಿನಾಯಿತಿ ಕೊಡಿಸುವ ಮಾನ್ಯತೆ (1961ರ ಕಾಯ್ದೆಯಲ್ಲಿ 80ಜಿ) ಸಂಸ್ಥೆಗೆ ಇದೆಯೇ ಕೇಳಿ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ವಿನಾಯಿತಿ ಸಿಗುವುದಿಲ್ಲ, ಚೆಕ್ಕೋ ಯುಪಿಐಯೋ ಮಾಡಿ. ರಸೀದಿ ಒಂದೇ ಸಾಲದು, ತೆರಿಗೆ ಇಲಾಖೆಯ ನಮೂನೆಯಲ್ಲಿರುವ ದಾನದ ಪ್ರಮಾಣಪತ್ರವನ್ನೂ ಕೇಳಿ ಪಡೆಯಿರಿ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಈ ವಿನಾಯಿತಿಯೇ ಇಲ್ಲ, ಅದನ್ನು ತಿಳಿದುಕೊಂಡೇ ಕೊಡಿ. ಇನ್ನು ಜನರಿಂದ ದುಡ್ಡು ಎತ್ತಿ ಸಿನಿಮಾ ಮಾಡುವವರಿದ್ದಾರೆ. ಕನ್ನಡದಲ್ಲಿ 2013ರ 'ಲೂಸಿಯಾ' ಹಾಗೆ ಆದದ್ದೇ. ಅಲ್ಲಿ ನೀವು ಕೊಡುವುದು ದಾನವೋ, ಬಂಡವಾಳವೋ ಅಂತ ಮೊದಲು ಬರಹದಲ್ಲಿ ಕೇಳಿ.

ಇಷ್ಟೆಲ್ಲ ಹೇಳಿದ ಮೇಲೂ ಶಾಲೆಗೆ ಟಿವಿಯನ್ನೇ ಕೊಡುತ್ತೇನೆ ಅನ್ನುವವರು ಇದ್ದೇ ಇರುತ್ತೀರಿ. ಕೊಡಿ. ಆದರೆ ಯಾವ ವಾರ, ಯಾವ ಹೊತ್ತಿಗೆ ಹಚ್ಚಬೇಕು ಅಂತ ಠರಾವಿನಲ್ಲೇ ಬರೆಸಿ, ದಾಸ್ತಾನು ಪುಸ್ತಕಕ್ಕೆ ಹತ್ತಿಸಿ, ರಿಮೋಟನ್ನು ಏಳನೇ ಕ್ಲಾಸಿನ ಹುಡುಗಿಯರ ಸುಪರ್ದಿಗೆ ಕೊಡಿಸಿ.

ನಮ್ಮ ಆ ಹಳೇ ಟಿವಿ ಇರುವ ಶಾಲೆಗೆ ಈ ವರ್ಷ ಹೊಸ ಅಕ್ಕೋರು ಬಂದಿದ್ದಾರೆ. ಒಂಬತ್ತು ನಿಮಿಷದ ಸಿನಿಮಾ ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋದ ತಿಂಗಳು ಹೋಗಿದ್ದೆ. ಕಸೂತಿ ಬಟ್ಟೆ ತೆಗೆದರು. ಟಿವಿ ಹತ್ತಿತು, ರಿಮೋಟು ಹತ್ತಲಿಲ್ಲ. ಐದು ವರ್ಷ ಒಳಗೇ ಇದ್ದ ಸೆಲ್ಲು ಸೋರಿ ಹಸಿರುಗಟ್ಟಿತ್ತು. ಒಬ್ಬ ಹುಡುಗಿ ಲಂಗದ ಅಂಚಿನಿಂದ ಒರೆಸಿ ಒರೆಸಿ ಚೊಕ್ಕ ಮಾಡಿದಳು, ಇನ್ನೊಬ್ಬಳು ಅಂಗಡಿಗೆ ಓಡಿದಳು. ಪುಸ್ತಕದ ಬಲಗಡೆ ಬರೆದಿದ್ದೇನೆ: ಸೆಲ್ಲು 2, 30 ರೂಪಾಯಿ.